ಹರಕೆಯ ಬೆಳ್ಳಿ ಹೊಟ್ಟೆ

ಮನುಷ್ಯ ತನ್ನ ಮೈಯ ಬಗ್ಗೆ ಏನು ಬೇಕಾದರೂ ಹೇಳಿಕೊಂಡಾನು, ಕಕ್ಕಸಿನ ವಿಷಯವೊಂದನ್ನು ಬಿಟ್ಟು. ನಮ್ಮ ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಶುಗರ್, ಬಿ.ಪಿ., ಮಂಡಿನೋವುಗಳನ್ನು ಗುರುತಿಲ್ಲದವರ ಮುಂದೆಯೂ ವಿವರವಾಗಿ ಬಿಚ್ಚಿಡುವವರಿದ್ದಾರೆ. ನಾಲ್ಕು ದಿನದಿಂದ ಹೊಟ್ಟೆ ಕಟ್ಟಿದೆ ಎಂದು ಹೇಳಿದವರನ್ನು ಮಾತ್ರ ನಾನು ಕಂಡಿಲ್ಲ. ನನಗೆ ಆ ಸಂಕೋಚ ಹೋಗಿ ವರ್ಷವಾಯಿತು. ಆಗ ದಿನಾ ಬೆಳಿಗ್ಗೆ ಹೆಂಡತಿ ಶೈಲಾ ಕಣ್ಣಲ್ಲೇ ಕೇಳುವಳು, ನಾನು ಇಲ್ಲವೆಂದು ತಲೆಯಾಡಿಸುವೆ, ಅಮ್ಮ ದೇವರ ಮನೆಯಿಂದಲೇ "ಇವತ್ತೂ ಇಲ್ವೇನೋ?" ಎನ್ನುವಳು. ಮೂರು ಜನ ದೊಡ್ಡವರು ಹೀಗೆ ಕಾದು ಕೂರುತ್ತಿದ್ದುದು ಐದು ವರ್ಷದ ಮಗಳು ಗೌರಿಯ ಹೊಟ್ಟೆಗಾಗಿ.

ಶುರುವಿನಲ್ಲಿ ನಮಗೆ ಅರ್ಥವಾದದ್ದೇ ತಿರುಗಾಮುರುಗಾ. ದಿನಕ್ಕೆ ಎರಡು ಮೂರು ಸಲ ಮಗುವಿನ ಚಡ್ಡಿ ಕೊಳೆಯಾಗುತ್ತಿತ್ತು. ಅಲ್ಲಿಗೆ ಇದು ಭೇದಿಯೇ ಎಂದು ಮನೆಯಲ್ಲಿ ತೀರ್ಮಾನವಾಯಿತು. ಅಮ್ಮ ದಾಳಿಂಬೆ ಸಿಪ್ಪೆ ಕುದಿಸಿ ಕುಡಿಸಿದಳು. ನಾನು ಬಾಳೆಹಣ್ಣು, ಪಪ್ಪಾಯಿ, ಸೊಪ್ಪು ಎಲ್ಲವನ್ನೂ ಬಂದ್ ಮಾಡಿಸಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಎಂಬುದನ್ನು ಇಲ್ಲಿ ತಲೆ ತಗ್ಗಿಸಿ ಹೇಳಬೇಕು. ಹದಿನೈದು ವರ್ಷದಿಂದ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ತುಂಬ ದೊಡ್ಡಕರುಳು ಬರೆದವನಿಗೆ, ಮಗಳು ಬಾಗಿಲ ಹಿಂದೆ ಕಾಲಿಗೆ ಕಾಲು ಹೆಣೆದು ಮುಖ ಕೆಂಪಗೆ ಮಾಡಿಕೊಂಡು ನಿಂತರೆ ಕಣ್ಣಾಮುಚ್ಚಾಲೆ ಆಡುತ್ತಿದ್ದಾಳೆ ಎನಿಸಿತ್ತು.

ಒಂದು ಭಾನುವಾರ ನೆಂಟರು ಕೂತಿದ್ದಾಗ ಅವರ ಮುಂದೆಯೇ ಆಯಿತು. ನನಗೆ ಸಿಟ್ಟು ನೆತ್ತಿಗೇರಿತು. "ಐದು ವರ್ಷದ ಕತ್ತೆ, ನಾಚ್ಕೆ ಆಗಲ್ವಾ? ನಮ್ಮ ವಂಶದಲ್ಲೇ ಯಾರೂ ಹಿಂಗಿರ್ಲಿಲ್ಲ" ಎಂದು ಕೂಗಿಬಿಟ್ಟೆ. ಬಾಗಿಲಲ್ಲಿದ್ದ ಅಮ್ಮ ಏನೋ ಹೇಳಲು ಬಾಯಿ ತೆರೆದವಳು, ಹಾಗೇ ಮುಚ್ಚಿಕೊಂಡು ಮಗುವನ್ನು ಬಚ್ಚಲಿಗೆ ಕರೆದುಕೊಂಡು ಹೋದಳು. ಮರುದಿನ ಗೌರಿ ಮಂಚದ ಕಾಲು ಹಿಡಿದು ಕೂತಳು, ಶಾಲೆಗೆ ಹೋಗುವುದಿಲ್ಲವಂತೆ. "ಎಲ್ರೂ ಮೂಗು ಮುಚ್ಕೋತಾರೆ. ನೀನೂ ಬೈತೀಯ" ಎಂದಳು. ಅವಳು ಅಳಲೂ ಇಲ್ಲ. ಆ ಕ್ಷಣ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಅವತ್ತೇ ಕಡೂರಿನ ಮಕ್ಕಳ ಡಾಕ್ಟರಮ್ಮನ ಹತ್ತಿರ ಓಡಿದೆವು. ಅವರು ಮಗುವಿನ ಹೊಟ್ಟೆ ಒತ್ತಿ ನೋಡಿ, "ಮೇಷ್ಟ್ರೇ, ಇದು ಭೇದಿ ಅಲ್ಲ, ಮಲಬದ್ಧತೆ. ನೋವಿಗೆ ಹೆದರಿ ತಡೆದೂ ತಡೆದೂ ಒಳಗೆ ಕಲ್ಲಿನ ಹಾಗೆ ಕೂತಿದೆ, ಅದರ ಪಕ್ಕದಿಂದ ನೀರು ಸೋರ್ತಿದೆ. ಪಾಪ, ಅವಳಿಗೆ ಆಗೋದೇ ಗೊತ್ತಾಗಲ್ಲ. ಬೈಬೇಡಿ" ಎಂದರು. ದಾಳಿಂಬೆ ಸಿಪ್ಪೆಯ ವಿಚಾರ ತಿಳಿದಾಗ ಅವರು ನಗಲಿಲ್ಲ, ಅದಕ್ಕೆ ನಾನು ಇವತ್ತಿಗೂ ಋಣಿ. ಕುಡಿಯಲು ಔಷಧಿ ಬರೆದುಕೊಟ್ಟರು. ಊಟವಾದ ಮೇಲೆ ಹತ್ತು ನಿಮಿಷ ಕಮೋಡಿನ ಮೇಲೆ ಕೂರಿಸಿ, ಕಾಲಿನ ಕೆಳಗೆ ಎತ್ತರಕ್ಕೆ ಏನಾದರೂ ಇಡಿ ಎಂದರು. ಮನೆಯಲ್ಲಿ ಆ ಅಳತೆಗೆ ಸಿಕ್ಕಿದ್ದು ಅಮ್ಮ ಊಟಕ್ಕೆ ಕೂರುವ ಹಲಸಿನ ಮಣೆ ಒಂದೇ. ಮಡಿ ಮೈಲಿಗೆಯ ಅಮ್ಮ ಮಣೆಯನ್ನೊಮ್ಮೆ, ಮೊಮ್ಮಗಳನ್ನೊಮ್ಮೆ ನೋಡಿದಳು. "ತಗಂಡೋಗು. ನಂಗೆ ನೆಲ ಇಲ್ವಾ?" ಎಂದು ತಾನೇ ಎತ್ತಿಕೊಟ್ಟಳು.

ಶಾಲೆಯ ಸಮಸ್ಯೆ ಬಿಡಿಸಿದವರು ಅಲ್ಲಿನ ಆಯಾ ರತ್ನಮ್ಮ. ಯಾರೂ ಕರೆಯದೆಯೇ ಮನೆಗೆ ಬಂದರು. ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು, "ಬಾ ಪುಟ್ಟಿ, ನಾನಿಲ್ವಾ? ಯಾರ್ಗೂ ಗೊತ್ತಾಗ್ದಂಗೆ ಬದ್ಲಾಯಿಸ್ತೀನಿ" ಎಂದರು. ಗೌರಿಯ ಬ್ಯಾಗಿನಲ್ಲಿಟ್ಟರೆ ಬೇರೆ ಮಕ್ಕಳು ನೋಡಿಬಿಡುತ್ತಾರೆಂದು, ಎರಡು ಚಡ್ಡಿಗಳನ್ನು ತಮ್ಮ ಊಟದ ಚೀಲದಲ್ಲೇ ಇಟ್ಟುಕೊಂಡು ಹೋದರು. ಮಾರನೆಯ ದಿನ ಗೌರಿ ಅವರ ಸೆರಗು ಹಿಡಿದು ಶಾಲೆಯ ಗೇಟು ದಾಟಿದಳು. ಇಂಥವರಿಗೆ ಥ್ಯಾಂಕ್ಸ್ ಎನ್ನಲು ಬಾಯಿ ಬರುವುದಿಲ್ಲ. ನಾನು ಎರಡು ಎಳನೀರು ಕೊಡಲು ಹೋದೆ, "ಮಗೀಗೇ ಕುಡ್ಸಿ ಸಾ, ಅದುಕ್ಕೇ ಬೇಕಾಗಿರೋದು" ಎಂದು ವಾಪಸ್ ಕಳಿಸಿದರು.

ನಾಲ್ಕು ತಿಂಗಳು ಹಿಡಿಯಿತು. ನಡುವೆ ಎಷ್ಟೋ ಚಡ್ಡಿ ಒಗೆದೆ, ಎಷ್ಟೋ ಸಿಟ್ಟು ನುಂಗಿದೆ. ಒಂದು ಬೆಳಿಗ್ಗೆ ಒಳಗಿನಿಂದ "ಅಪ್ಪಾ, ಬಂತು" ಎಂದು ಕೇಳಿತು. ಮೂವರೂ ಓಡಿದೆವು. ಎಲ್ಲರೂ ಕಣ್ತುಂಬ ನೋಡುವವರೆಗೆ ನೀರು ಹಾಕಲು ಗೌರಿ ಬಿಡಲಿಲ್ಲ. ಶೈಲಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಚಡ್ಡಿ ಕೊಳೆಯಾಗುವುದು ಅಪರೂಪವಾಗಿ, ಕ್ರಮೇಣ ನಿಂತೇ ಹೋಯಿತು. ಆಗ ಅಮ್ಮ ಗುಟ್ಟು ಬಿಟ್ಟುಕೊಟ್ಟಳು: ಮಗುವಿನ ಹೊಟ್ಟೆ ಸರಿಹೋದರೆ ಅಂತರಘಟ್ಟಮ್ಮನಿಗೆ ಬೆಳ್ಳಿಯ ಹೊಟ್ಟೆ ಒಪ್ಪಿಸುವುದಾಗಿ ಹರಕೆ ಹೊತ್ತಿದ್ದಳಂತೆ.

ಅಮ್ಮ, ಗೌರಿಯನ್ನು ಕರೆದುಕೊಂಡು ಹೋದಾಗ ಬೆಳ್ಳಿ ಅಂಗಡಿಯ ಯಜಮಾನರು ತಟ್ಟೆ ಮುಂದಿಟ್ಟರು. ಬೆಳ್ಳಿ ತಗಡಿನ ಕಣ್ಣು, ಕೈ, ಪಾದ, ತೊಟ್ಟಿಲು ಎಲ್ಲ ಇದ್ದವು, ಹೊಟ್ಟೆ ಇರಲಿಲ್ಲ. "ಹೊಟ್ಟೆ ಅಂದ್ರೆ ಹೆಂಗಿರ್ಬೇಕು ಸಾರ್?" ಎಂದರು. ಕೊನೆಗೂ ನನ್ನ ವಿದ್ಯೆಗೆ ಕೆಲಸ ಸಿಕ್ಕಿತೆಂದು ಒಂದು ಚೀಟಿಯ ಮೇಲೆ ದೊಡ್ಡಕರುಳನ್ನು ಚೊಕ್ಕವಾಗಿ ಬರೆದುಕೊಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಜಿಲೇಬಿ ಇದ್ದಂಗದೆ. ಬ್ಯಾಡಿ, ದುಂಡುಗೆ ಒಂದು ಹೊಟ್ಟೆ ಕತ್ತರಿಸಿ ಹೊಕ್ಕಳು ಇಡ್ತೀನಿ" ಎಂದರು.

"ಎರಡು ಮಾಡಪ್ಪ" ಎಂದಳು ಅಮ್ಮ. ಎರಡು ಯಾಕೆಂದು ಕೇಳಿದೆ.

"ಒಂದು ಮಗೀಗೆ, ಒಂದು ನಿಂಗೆ ಕಣೋ. ಏಳು ತುಂಬೋವರ್ಗೂ ನಿಂದೂ ಇದೇ ಕತೆ. ಆಗ್ಲೂ ಹರ್ಕೆ ಹೊತ್ತಿದ್ದೆ, ಸರಿಹೋದ್ಮೇಲೆ ಮರ್ತೇಬಿಟ್ಟೆ. ಅವತ್ತು ನೀನು ವಂಶ ಗಿಂಶ ಅಂತ ಕೂಗ್ದಾಗ ಹೇಳಾನ ಅಂದ್ಕಂಡೆ. ನೆಂಟ್ರ ಮುಂದೆ ನಿನ್ನ ಮರ್ವಾದೆ ಯಾಕೆ ತೆಗೀಲಿ ಅಂತ ಸುಮ್ಕಾದೆ."

ಈಗ ಅದನ್ನು ಅಂಗಡಿಯವರ ಮುಂದೆ ತೆಗೆದಿದ್ದಳು. ಗೌರಿ ನನ್ನನ್ನು ಹೊಸಬನನ್ನು ನೋಡುವಂತೆ ನೋಡಿದಳು. "ಅಜ್ಜಿ, ಅಪ್ಪಂಗೆ ನೀನು ಬೈತಿದ್ಯಾ?"

"ಇಲ್ಲ ಕಣವ್ವ. ಪಾಪದ್ದು, ಅದ್ಕೇನು ಗೊತ್ತಾಗ್ತಿತ್ತು? ತೊಳೀತಿದ್ದೆ ಅಷ್ಟೇ."

ನಾನು ತಟ್ಟೆಯಲ್ಲಿದ್ದ ಬೆಳ್ಳಿ ಕಣ್ಣುಗಳನ್ನೇ ನೋಡುತ್ತಾ ನಿಂತೆ. ಗೌರಿ ನನ್ನ ಕೈ ಹಿಡಿದು, "ಹೋಗ್ಲಿ ಬಿಡಪ್ಪ, ನಿಂಗೂ ಆಗೋದು ಗೊತ್ತಾಗ್ತಿರ್ಲಿಲ್ಲ" ಎಂದು ಸಮಾಧಾನ ಹೇಳಿದಳು. ಯಜಮಾನರು ಕತ್ತರಿ ಕೈಗೆತ್ತಿಕೊಂಡು ನನ್ನ ಅಂಗಿಯ ಗುಂಡಿಗಳು ಬಿಗಿದಿದ್ದ ಕಡೆ ನೋಡಿದರು. "ಮೇಷ್ಟ್ರದ್ದು ಒಂದು ಸುತ್ತು ದೊಡ್ಡದೇ ಮಾಡ್ಬೇಕಲ್ವಾ ಅಮ್ಮಾ?" ಎಂದು ವಿನಯದಿಂದ ಕೇಳಿದರು.