ಟಿನ್ ಕರ್ಟನ್ಸ್ ತಂಡಕ್ಕೆ ನಾನು ಮಾಡಿದ ಸನ್ಮಾನ

ಕಲಾವಿದರನ್ನು ಸನ್ಮಾನಿಸುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸ್ಟಾಕ್‌ಹೋಮಿನ ನಮ್ಮ ಕನ್ನಡ ಸಂಘಕ್ಕೆ ನಾನು ಜಂಟಿ ಕಾರ್ಯದರ್ಶಿ. ಹಗಲು ಹೊತ್ತು ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ, ಅದು ಹೊಟ್ಟೆಪಾಡು. ನನ್ನ ನಿಜವಾದ ವೃತ್ತಿ ಶಾಲು ಹೊದಿಸುವುದು. ಸುಂಡ್‌ಬೀಬರ್ಯ್‌ನಲ್ಲಿರುವ ನಮ್ಮ ಬಾಡಿಗೆ ಮನೆಯ ಕಪಾಟಿನಲ್ಲಿ ನಮ್ಮ ಬಟ್ಟೆಗಳಿಗಿಂತ ಸಂಘದ ಶಾಲು, ಮೈಸೂರು ಪೇಟ, ಗಂಧದ ಹಾರಗಳೇ ಜಾಸ್ತಿ. ಹೊದಿಸಿದ ಶಾಲು ಜಾರಬಾರದು, ಹಾರ ಕನ್ನಡಕಕ್ಕೆ ಸಿಕ್ಕಿಕೊಳ್ಳಬಾರದು, ಫೋಟೋ ತೆಗೆಯುವ ತನಕ ಹಣ್ಣಿನ ತಟ್ಟೆಯನ್ನು ಕೈಬಿಡಬಾರದು. ಇಷ್ಟೆಲ್ಲ ವಿದ್ಯೆ ಕರಗತವಾಗಿದ್ದ ನಾನು ಒಂದು ಇಂಗ್ಲಿಷ್ ವಾದ್ಯತಂಡದ ಮುಂದೆ ಮಣ್ಣು ಮುಕ್ಕುತ್ತೇನೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ!

ಎಲ್ಲ ಶುರುವಾದದ್ದು ನನ್ನ ಮಗಳು ಅನಘಾಳಿಂದ. ವಯಸ್ಸು ಹದಿನಾರು. ಬೇಸ್ ಗಿಟಾರ್ ಬಾರಿಸುತ್ತಾಳೆ. ಶಾಲೆಯ ಇನ್ನಿಬ್ಬರು ಹುಡುಗಿಯರನ್ನು ಕಟ್ಟಿಕೊಂಡು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಪ್ರಾಕ್ಟೀಸ್ ಮಾಡುತ್ತಾಳೆ. ಆದರೆ ಜನರ ಮುಂದೆ ಒಂದು ಸಲವೂ ಬಾರಿಸಿದವಳಲ್ಲ. ನಮ್ಮ ಕೊಮ್ಮುನ್, ಅಂದರೆ ಇಲ್ಲಿನ ಪುರಸಭೆ, ನಡೆಸುವ ಯುವಕೇಂದ್ರದವರು ತಾವಾಗಿಯೇ ಕರೆದರೂ ಹೋಗಲಿಲ್ಲ.

"ಯಾಕೆ ಪುಟ್ಟಿ?" ಅಂದೆ.

"ಮೊದ್ಲು ನಮ್ಮ ಹಾಡನ್ನ ಡೋರೀನ್ ಕೇಳ್ಬೇಕು. ಅವ್ಳು ಓಕೆ ಅಂದ್ರೆ ಮಾತ್ರ."

ಈ ಡೋರೀನ್ ಯಾವ ಊರಿನ ಪರೀಕ್ಷಾಧಿಕಾರಿ ಎಂದು ವಿಚಾರಿಸಿದಾಗ ಟಿನ್ ಕರ್ಟನ್ಸ್ ಎಂಬ ತಂಡದ ಪುರಾಣ ಹೊರಬಿತ್ತು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಗಿರಣಿಗಳೆಲ್ಲ ಮುಚ್ಚಿದ ಒಂದು ಊರು. ಅಲ್ಲಿ ಕೆಲಸವಿಲ್ಲದ ನಾಲ್ವರು ಗೆಳೆಯರು. ಪಂಕ್ ಎಂಬ ಅಬ್ಬರದ ಸಂಗೀತ ಬಂದು, ಊರೆಲ್ಲ ಕಿರುಚಿ, ಸುಸ್ತಾಗಿ ಕುಳಿತ ಮೇಲೆ "ಈಗೇನು ಮಾಡೋಣ?" ಎಂದು ಕೇಳಿಕೊಂಡವರು ಇವರು. ಅದಕ್ಕೇ ಇದು ಪೋಸ್ಟ್-ಪಂಕ್. ನಾಲ್ವರಲ್ಲಿ ಒಬ್ಬರಿಗೂ ವಾದ್ಯ ನುಡಿಸಲು ಬರುತ್ತಿರಲಿಲ್ಲ! ಗಿಟಾರಿಗೆ ಆರು ತಂತಿ, ಬೇಸ್ ಗಿಟಾರಿಗೆ ನಾಲ್ಕೇ ಎಂದು ಡೋರೀನ್ ಅದನ್ನು ಆರಿಸಿಕೊಂಡಳಂತೆ. ಡ್ರಮ್ಮಿನ ಕಂಚಿನ ತಟ್ಟೆಗಳ ಸದ್ದಿಗೆ ಪಕ್ಕದ ಮನೆಯವರು ಬೈದರೆಂದು ತಟ್ಟೆಗಳನ್ನೇ ತೆಗೆದುಹಾಕಿದರಂತೆ. ಮುಂದೆ ಅದೇ ಅವರ ಶೈಲಿ ಎಂದು ವಿಮರ್ಶಕರು ಕೊಂಡಾಡಿದರು. ಬಸ್‌ಸ್ಟಾಪು, ಕ್ಯೂ, ತಣ್ಣಗಿನ ಅಡಿಗೆಮನೆ, ಇವೇ ಹಾಡಿನ ವಸ್ತು. ತಮ್ಮ ರೆಕಾರ್ಡುಗಳ ಹೊದಿಕೆಯನ್ನು ಊಟದ ಮೇಜಿನ ಮೇಲೆ ತಾವೇ ಮಡಚಿ ಅಂಟಿಸಿದರು. ಹೆಸರು ಬಂದು ಯಾರೋ ಚಿನ್ನದ ಫಲಕ ಕೊಟ್ಟಾಗ ಹಾಡುಗಾರ ರೋಜರ್ ಅದರ ಮೇಲೆ ಆಲೂಗಡ್ಡೆ ಚಿಪ್ಸ್ ಇಟ್ಟುಕೊಂಡು ತಿಂದ. ಪ್ರಶಸ್ತಿ, ಸಮಾರಂಭ ಎಂದರೆ ಅವನಿಗೆ ಮೈಯೆಲ್ಲ ಉರಿ. ಕೀರ್ತಿಯ ತುದಿಯಲ್ಲಿದ್ದಾಗಲೇ ತಂಡ ಮುರಿಯಿತು. ರೋಜರ್ ಅಂಚೆಯವನಾದ, ಡೋರೀನ್ ಶಾಲೆಯ ಟೀಚರಾದಳು. ಎಷ್ಟೋ ವರ್ಷಗಳ ಮೇಲೆ ಮೊಮ್ಮಕ್ಕಳ ವಯಸ್ಸಿನವರು ಫೋನಿನಲ್ಲಿ ಇವರ ಹಾಡು ಕೇಳಿ ಮರುಳಾದರು. ಈಗ ನಾಲ್ವರೂ ನರೆಗೂದಲಲ್ಲಿ ಮತ್ತೆ ಹೊರಟಿದ್ದಾರೆ. ಸ್ಟಾಕ್‌ಹೋಮಿಗೂ ಬರುತ್ತಿದ್ದಾರೆ!

ಮನೆಯಲ್ಲಿ ಹಾಡು ಹಾಕಿದಾಗ ನನ್ನ ಹೆಂಡತಿ ವೀಣಾ, "ಮಿಕ್ಸಿಗೆ ಕಲ್ಲು ಬಿದ್ದಂಗಿದೆ" ಎಂದಳು. ನಾನೂ ನಕ್ಕೆ. ಆದರೆ ಕತೆ ಮಾತ್ರ ನನ್ನನ್ನು ಹಿಡಿದುಬಿಟ್ಟಿತ್ತು. ಏನೂ ಬಾರದವರು ಯಾರ ಅಪ್ಪಣೆಯನ್ನೂ ಕೇಳದೆ ಶುರುಮಾಡಿದರಲ್ಲ! ನಾನಾದರೆ ಸಂಘದ ಸಭೆಯಲ್ಲಿ ಕಿಟಕಿ ತೆಗೆಯಲೂ ಅಧ್ಯಕ್ಷರ ಮುಖ ನೋಡುತ್ತೇನೆ.

ಹದಿನೆಂಟು ತುಂಬದವರು ಸಂಗೀತ ಕಛೇರಿಗೆ ಹೋಗಬೇಕಾದರೆ ಜೊತೆಗೆ ಪೋಷಕರು ಇರಲೇಬೇಕೆಂಬ ನಿಯಮ. ವೀಣಾ ತನ್ನಿಂದಾಗದೆಂದು ಕೈಯೆತ್ತಿದಳು. ಉಳಿದವನು ನಾನು. ಕಛೇರಿ ಮುಗಿದ ಮೇಲೆ ಡೋರೀನ್ ಟೀ-ಶರ್ಟ್ ಮಾರುವ ಮೇಜಿನ ಹತ್ತಿರ ನಿಲ್ಲುತ್ತಾಳೆ. ಆಗ ತನ್ನ ತಂಡದ ರೆಕಾರ್ಡಿಂಗನ್ನು ಅವಳ ಕೈಗೆ ಕೊಡಬೇಕೆಂದು ಅನಘಾಳ ಯೋಜನೆ. ಹೇಳಬೇಕಾದ ಮಾತನ್ನು ದಿನವೂ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದಳು.

"ಅಪ್ಪ, ಒಂದೇ ಕಂಡೀಷನ್. ನೀನು ಅಲ್ಲಿ ಏನೂ ಮಾಡ್ಬಾರ್ದು."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ!"

ನಾನು ಒಪ್ಪಿದೆ. ಆದರೆ ತಂದೆಯ ಕರುಳು ಸುಮ್ಮನಿರುತ್ತದೆಯೇ? ನಮ್ಮ ಕಡೆ ದೊಡ್ಡವರ ಹತ್ತಿರ ಒಂದು ಕೆಲಸ ಆಗಬೇಕಾದರೆ ಬರಿಗೈಯಲ್ಲಿ ಹೋಗುವ ಪದ್ಧತಿಯೇ ಇಲ್ಲ. ಮೊದಲು ತಂಡಕ್ಕೆ ಒಂದು ಸಣ್ಣ ಸನ್ಮಾನ, ಆ ಸಂತೋಷದಲ್ಲಿ ಮಗುವಿನ ರೆಕಾರ್ಡಿಂಗ್. ರೋಜರ್ ಪ್ರಶಸ್ತಿ ಒಲ್ಲದವನು ನಿಜ. ಆದರೆ ಪಾಪ, ಅವನಿಗೆ ಬರೀ ಫಲಕ ಕೊಟ್ಟರೇ ಹೊರತು ಶಾಲು, ಹಾರ, ಫಲತಾಂಬೂಲ ಕೊಟ್ಟು ಮರ್ಯಾದೆ ಮಾಡಿದವರು ಯಾರು? ಸ್ಟೀಲ್ ತಟ್ಟೆ, ಹಣ್ಣು, ಶಾಲು, ಹಾರ, ಪೇಟ ಎಲ್ಲವನ್ನೂ ಚೀಲಕ್ಕೆ ತುಂಬಿ, ರೇಷ್ಮೆ ಜುಬ್ಬಾ ತೊಟ್ಟೆ.

"ರೀ, ಸಂಗೀತ ಕೇಳಕ್ಕೆ ಹೋಗ್ತಿದ್ದೀರೋ, ಹೆಣ್ಣು ನೋಡಕ್ಕೋ?" ಎಂದಳು ವೀಣಾ.

ಮೊದಲ ಎಡವಟ್ಟು ಬಾಗಿಲಲ್ಲೇ ಆಯಿತು. ಮುಂದಿನ ಸಾಲು ಹಿಡಿಯಲೆಂದು ಬಹಳ ಮುಂಚೆಯೇ ಹೋಗಿ ನೋಡಿದರೆ ಸಾಲೇ ಇಲ್ಲ! ಅದೊಂದು ಹಳೆಯ ಕಾರ್ಖಾನೆ; ಒಂದು ಕುರ್ಚಿಯೂ ಇಲ್ಲ. ಎಲ್ಲರೂ ನಿಂತೇ ಕೇಳಬೇಕಂತೆ. ಕೋಟು, ಚೀಲಗಳನ್ನು ಬಾಗಿಲ ಬಳಿಯ ಕೌಂಟರಿನವರು ಇಸಿದುಕೊಂಡರು. ಕಪ್ಪು ಬಟ್ಟೆಯ ಜನಸಾಗರದ ನಡುವೆ ಕೇಸರಿ ಜುಬ್ಬಾದವನು ನಾನೊಬ್ಬನೇ.

"ಪಿನ್‌ಸಮ್ತ್" ಎಂದು ಗೊಣಗಿದಳು ಅನಘಾ. ಮಾನ ಹೋಯಿತು ಎನ್ನುವುದಕ್ಕೆ ಸ್ವೀಡಿಷ್ ಮಾತು. ನಾನು ಈ ಭಾಷೆಯಲ್ಲಿ ಮೊದಲು ಕಲಿತ ಪದ, ಮಗಳ ಬಾಯಿಂದಲೇ. ಅವಳು ಜನರ ನಡುವೆ ಸರಿದು ವೇದಿಕೆಯ ಮುಂದಿನ ಕಟಕಟೆಗೆ ಹೋಗಿ ನಿಂತಳು. ನಾನು ಕಂಬಕ್ಕೊರಗಿದೆ.

ದೀಪ ಆರಿತು. ನಾಲ್ವರು ಬಂದರು. ನಮಸ್ಕಾರವಿಲ್ಲ, ನಗುವಿಲ್ಲ. ಬ್ಯಾಂಕಿನಲ್ಲಿ ಪಾಸ್‌ಬುಕ್ ಬರೆಸಲು ಬಂದ ಹಿರಿಯ ನಾಗರಿಕರಂತಿದ್ದರು. ಬೆಳ್ಳಿ ಜಡೆಯ ಹೆಂಗಸು, ಅವಳೇ ಡೋರೀನ್, ಒಂದು ತಂತಿಯನ್ನು ಒಮ್ಮೆ ಮೀಟಿದಳು.

ಆ ಒಂದು ಸ್ವರ ನೆಲದಿಂದ ಹತ್ತಿ, ಮೊಣಕಾಲು ನಡುಗಿಸಿ, ಎದೆಗೂಡಿನೊಳಗೆ ಬಂದು ಕುಳಿತಿತು. ಹೇಗೆ ಹೇಳಲಿ? ಮನೆಯಲ್ಲಿ ಫೋನಿನಲ್ಲಿ ಕೇಳಿದ್ದು ಇದು ಅಲ್ಲವೇ ಅಲ್ಲ! ಎಲ್ಲರೂ ಸದ್ದು ತುಂಬಿಸುತ್ತಾರೆ. ಇವರು ಸದ್ದನ್ನು ತೆಗೆದು ಜಾಗ ಮಾಡುತ್ತಿದ್ದರು. ಆ ಖಾಲಿಯ ನಡುವೆ ರೋಜರ್ ಬಸ್ಸಿಗೆ ಕಾಯುವವರ ಬಗ್ಗೆ ಒರಟು ದನಿಯಲ್ಲಿ ಹಾಡಿದ. ಬಸ್ಸು ಬರಲೇ ಇಲ್ಲ. ನಾಲ್ಕು ತಂತಿ ಸುಲಭವೆಂದು ಆರಿಸಿಕೊಂಡ ಹುಡುಗಿ ಒಂದು ಆಯುಸ್ಸನ್ನೇ ಅದಕ್ಕೆ ಸುರಿದಿದ್ದಳು. ನಾನು ಮೂಕನಾಗಿ ನಿಂತೆ. ಮೂಕನಾಗಿಯೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಒಂದು ಹಾಡಿನ ಮಧ್ಯೆ ಎಲ್ಲ ವಾದ್ಯಗಳೂ ಫಕ್ಕನೆ ನಿಂತವು. ಇಡೀ ಸಭೆ ಉಸಿರು ಬಿಗಿಹಿಡಿಯಿತು. ಆ ಮೌನದಲ್ಲಿ ನನ್ನ ಬಾಯಿಂದ "ಭಲೇ! ಭಲೇ!" ಎಂದು ಬಂದುಬಿಟ್ಟಿತು. ರೋಜರ್ ಕತ್ತಲಲ್ಲಿ ನನ್ನ ಕಡೆ ದಿಟ್ಟಿಸಿದ. ಮುಂದೆ ಕಟಕಟೆಯ ಬಳಿ ಒಂದು ಹೆಗಲು ಕುಗ್ಗಿತು. ನನ್ನ ಮಗಳದೇ.

ಕೊನೆಗೆ ತಂಡ ಒಂದೂ ಮಾತಾಡದೆ ವೇದಿಕೆಯಿಂದ ಇಳಿದುಹೋಯಿತು. ನನಗೆ ಗಾಬರಿ! ಸನ್ಮಾನವಾಗದೆ ಕಲಾವಿದರು ಹೊರಟರೆ ಹೇಗೆ? ಜನ ಕಾಲಿನಿಂದ ನೆಲ ಬಡಿಯುತ್ತಿದ್ದರು. ಅದು ಇನ್ನೊಂದು ಹಾಡಿಗೆ ಬೇಡಿಕೆ ಎಂದು ನನಗೇನು ಗೊತ್ತು? ಸಂಘಟಕರ ಮೇಲಿನ ಸಿಟ್ಟು ಎಂದುಕೊಂಡೆ. ಓಡಿಹೋಗಿ ಕೌಂಟರಿನಿಂದ ಚೀಲ ಬಿಡಿಸಿಕೊಂಡು, ತಟ್ಟೆಯಲ್ಲಿ ಸೇಬು, ಬಾಳೆಹಣ್ಣು ಜೋಡಿಸಿ, ಅದರ ಮೇಲೆ ಪೇಟವಿಟ್ಟು, ಶಾಲು ಹಾರಗಳನ್ನು ತೋಳಿಗೆ ಹಾಕಿಕೊಂಡು ಗಂಭೀರವಾಗಿ ನಡೆದೆ. ಪಕ್ಕದ ಬಾಗಿಲಲ್ಲಿ ದೈತ್ಯನಂಥ ಗಾರ್ಡು. ತಟ್ಟೆ ನೋಡಿ "ಆಹಾ, ಫ್ರುಕ್ತ್!" ಎಂದು ಬಾಗಿಲು ತೆಗೆದ. ತಂಡಕ್ಕೆ ಹಣ್ಣು ತಂದ ಅಡಿಗೆಯವನೆಂದು ತಿಳಿದಿರಬೇಕು. ನನ್ನ ಜುಬ್ಬಾಕ್ಕೆ ಆ ಸಂಜೆ ಸಿಕ್ಕ ಒಂದೇ ಗೌರವ ಅದು.

ಪರದೆಯ ಹಿಂದೆ ನಾಲ್ವರೂ ಇದ್ದರು. ರೋಜರ್ ಗೋಡೆಗೊರಗಿ ಏದುಸಿರು ಬಿಡುತ್ತಿದ್ದ. ಡೋರೀನ್ ಮಂಜುಗಡ್ಡೆಯ ಬಕೆಟ್ಟಿನಲ್ಲಿ ಬೆರಳು ಅದ್ದಿಕೊಂಡು ಕಣ್ಣು ಮುಚ್ಚಿದ್ದಳು. ಬೆರಳ ತುದಿಗಳು ಕೆಂಪಗೆ ಬಾತಿದ್ದವು. ನನಗೆ ಕೈಮುಗಿಯಬೇಕೆನ್ನಿಸಿತು. ಕೈಯಲ್ಲಿ ತಟ್ಟೆ!

"ಹೂ ಆರ್ ಯೂ?" ಎಂದ ರೋಜರ್.

"ಸರ್, ಐ ಆಮ್ ದಿ ಜಾಯಿಂಟ್ ಸೆಕ್ರೆಟರಿ."

ಯಾವುದರ ಸೆಕ್ರೆಟರಿ ಎಂದು ಕೇಳಲು ಅವನಿಗೆ ಉಸಿರಿರಲಿಲ್ಲ. ಅಷ್ಟರಲ್ಲಿ ಶಾಲು ಹೊದಿಸಿಯಾಗಿತ್ತು. ಹಾರವೂ ಬಿತ್ತು. ಪೇಟ ಮಾತ್ರ ತಲೆಗೆ ಇಳಿಯಲೊಲ್ಲದು. ಬಲು ದೊಡ್ಡ ತಲೆ. ನಾನು ಒತ್ತುತ್ತಿದ್ದಾಗಲೇ ದೀಪ ಹತ್ತಿತು. ತಂಡ ವೇದಿಕೆಗೆ ನಡೆಯಿತು. ಪೇಟ ಕೂರದೆ ಸನ್ಮಾನ ಪೂರ್ತಿಯಾದಂತಲ್ಲ. ಹಾಗಾಗಿ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ರೋಜರನ ನೆತ್ತಿ ಒತ್ತಿಕೊಂಡು ನಾನೂ ನಡೆದೆ.

ತಿರುಗಿ ನೋಡಿದರೆ ಎದುರಿಗೆ ಜನಸಮುದ್ರ. ಸಂಗೀತವನ್ನು ತಿರಸ್ಕರಿಸಿ ಬದುಕಬಲ್ಲೆ. ಎದುರಿಗಿರುವ ಮೈಕನ್ನು ತಿರಸ್ಕರಿಸುವ ಶಕ್ತಿ ಜಂಟಿ ಕಾರ್ಯದರ್ಶಿಗೆ ಎಲ್ಲಿಂದ ಬರಬೇಕು?

"ಎಲ್ಲರಿಗೂ ನಮಸ್ಕಾರ! ಈಗ ವಂದನಾರ್ಪಣೆ" ಎಂದು ಅಚ್ಚ ಕನ್ನಡದಲ್ಲಿ ಆರಂಭಿಸಿದೆ. "ದೂರದಿಂದ ಆಗಮಿಸಿದ ಕಲಾವಿದರಿಗೆ, ಧ್ವನಿವರ್ಧಕದ ವ್ಯವಸ್ಥೆ ಮಾಡಿದವರಿಗೆ, ಕುರ್ಚಿಗಳನ್ನು ಜೋಡಿಸಿಕೊಟ್ಟವರಿಗೆ..."

ಕುರ್ಚಿ ಇರಲೇ ಇಲ್ಲ. ಬಾಯಿಪಾಠದ ಮಹಿಮೆ! ತಪ್ಪು ಹೊಳೆದು ನಾಲಿಗೆ ತೊದಲುವ ಹೊತ್ತಿಗೆ ಹಿಂದಿನಿಂದ 'ದುಮ್' ಎಂದಿತು. ಡೋರೀನ್ ನನ್ನ ವಂದನಾರ್ಪಣೆಗೆ ಬೇಸ್ ಹಿಡಿದಿದ್ದಳು! ಡ್ರಮ್ಮೂ ಸೇರಿತು. ನಾನು ನಿಲ್ಲಿಸಬಹುದಿತ್ತು. ಆದರೆ ವಂದನಾರ್ಪಣೆ ಅರ್ಧಕ್ಕೆ ನಿಂತ ಉದಾಹರಣೆ ನಮ್ಮ ಸಂಘದ ಚರಿತ್ರೆಯಲ್ಲೇ ಇಲ್ಲ. "ಅಡುಗೆಯವರಿಗೆ!" ದುಮ್. "ಪಾರ್ಕಿಂಗ್ ನೋಡಿಕೊಂಡವರಿಗೆ!" ದುಮ್ ದುಮ್. ಸಂಜೆಯಿಡೀ ಕೈಕಟ್ಟಿ ನಿಂತಿದ್ದ ಸ್ವೀಡಿಷರು ಕುಣಿಯತೊಡಗಿದರು. ಆ ಅಗಾಧ ಸದ್ದಿನೊಳಗೆ ನಿಂತು ನನಗೆ ಮೈಮೇಲೆ ದೇವರು ಬಂದಂತಾಗಿತ್ತು. "ವಿಶೇಷವಾಗಿ ನನ್ನನ್ನು ಕರೆತಂದ ಮಗಳು ಚಿರಂಜೀವಿ ಅನಘಾಗೆ!" ಎಂದು ಬೆರಳು ತೋರಿದೆ. ಸಾವಿರ ಕಣ್ಣು ಅತ್ತ ತಿರುಗಿದವು. ಅವಳು ಟೋಪಿಯನ್ನು ಮೂಗಿನ ತನಕ ಎಳೆದುಕೊಂಡಳು. "ಜೈ ಕರ್ನಾಟಕ!" ಎಂದು ಮುಗಿಸಿದಾಗ ರೋಜರ್ ಕೂಡ, ವಾರೆ ಪೇಟದಲ್ಲಿ, "ಜೈ ಕರ್ನಾಟಕ!" ಎಂದು ಮತ್ತೆ ಮತ್ತೆ ಗರ್ಜಿಸಿದ.

ಆಮೇಲೆ ಗಾರ್ಡು ಬಂದು ನನ್ನ ಮೊಣಕೈ ಹಿಡಿದು, ಬಹಳ ವಿನಯದಿಂದ, ಹಿಂಬಾಗಿಲಿನಿಂದ ಹೊರಗೆ ಬಿಟ್ಟ. ಫೆಬ್ರವರಿಯ ಚಳಿ. ಕೋಟು ಒಳಗೆ. ಫೋನು ಕೋಟಿನೊಳಗೆ. ಮೈಮೇಲೆ ರೇಷ್ಮೆ ಜುಬ್ಬಾ, ಕೈಯಲ್ಲಿ ಬಾಳೆಹಣ್ಣು.

ಸುತ್ತಿ ಬಂದು ಮುಂದಿನ ಗಾಜಿನಿಂದ ಇಣುಕುವ ಹೊತ್ತಿಗೆ ಕಛೇರಿ ಮುಗಿದಿತ್ತು. ಟೀ-ಶರ್ಟ್ ಮೇಜಿನ ಹತ್ತಿರ ಅನಘಾ ಡೋರೀನ್ ಮುಂದೆ ನಿಂತಿದ್ದಳು. ಡೋರೀನ್ ನಗುತ್ತಾ ಏನೋ ಕೇಳಿದಳು. ನನ್ನ ಮಗಳ ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು. ಆಮೇಲೆ ಅವಳು ತಿರುಗಿ ಹೊರಗೆ ಓಡಿಬಂದಳು. ಒಂದು ಕೈಯಲ್ಲಿ ನನ್ನ ಕೋಟು, ಇನ್ನೊಂದರಲ್ಲಿ ರೆಕಾರ್ಡಿಂಗ್. ಕೊಟ್ಟಿರಲಿಲ್ಲ.

ರೈಲಿನಲ್ಲಿ ಅವಳ ಎದುರು ಕುಳಿತೆ. ಮಗಳ ಆಸೆಯನ್ನು ಶಾಲು ಹೊದಿಸಿ ಮುಗಿಸಿಬಿಟ್ಟಿದ್ದೆ. ಅವಳೇ ಕೇಳಿದಳು.

"ಅಪ್ಪ, ಅಷ್ಟು ಜನದ ಮುಂದೆ ನಿಂಗೆ ಭಯ ಆಗ್ಲಿಲ್ವಾ?"

"ವಂದನಾರ್ಪಣೆ ಮಾಡೋರಿಗೆ ಎಂಥ ಭಯ ಪುಟ್ಟಿ? ಯಾರೂ ಕೇಳೋದೇ ಇಲ್ವಲ್ಲ. ಎಲ್ರೂ ಆಗ್ಲೇ ಊಟಕ್ಕೆ ಎದ್ದಿರ್ತಾರೆ."

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಡೋರೀನ್ ಕೂಡ ಯಾರನ್ನೂ ಕೇಳಿರ್ಲಿಲ್ಲ, ಅಲ್ವಾ?" ಎಂದಳು. ನನಗಲ್ಲ, ಕಿಟಕಿಗೆ.

ಮರುದಿನವೇ ಯುವಕೇಂದ್ರಕ್ಕೆ ಫೋನ್ ಮಾಡಿದಳು. ಅವಳ ತಂಡದ ಕಾರ್ಯಕ್ರಮಕ್ಕೆ ನಮಗೂ ಕರೆ ಬಂತು. ಆದರೆ ನನಗೆ ಮಾತ್ರ ಹೊಸ ಕಾನೂನು: ಹಿಂದಿನ ಗೋಡೆಗೆ ಒರಗಿ ನಿಲ್ಲಬೇಕು, ಬಾಯಿ ಮುಚ್ಚಿರಬೇಕು, ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿರಬೇಕು. ಒಪ್ಪಿ ಮಾತು ಕೊಟ್ಟೆ.

ಅನಘಾ ಬೇಸ್ ಹಿಡಿದು ದೀಪದ ಕೆಳಗೆ ನಿಂತಳು. ಒಂದು ತಂತಿ ಮೀಟಿದಳು. ಆ ಸ್ವರ ನೆಲದಲ್ಲಿ ಹರಿದುಬಂದು ನನ್ನನ್ನು ಮುಟ್ಟಿತು. ಇದು ನಮ್ಮ ಮನೆಯಲ್ಲಿ ಹೋಳಿಗೆಗೆ ತುಪ್ಪ ಸಾಲದೆಂದು ಜಗಳವಾಡುವ ಹುಡುಗಿಯೇ? ನಾನು ಬೆರಗಾಗಿ ನೋಡಿದೆ. ಹಾಡು ಮುಗಿಯಿತು. ಮಕ್ಕಳು, ಹೆತ್ತವರು, ವೀಣಾ, ಕಾಫಿ ಕೊಡುವವರು, ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟದೆ ನಿಂತವನು ಇಡೀ ಕೋಣೆಗೆ ನಾನೊಬ್ಬನೇ. ಕೈ ಜೇಬಿನಲ್ಲಿತ್ತಲ್ಲ!

ಅನಘಾ ಮೈಕಿನಲ್ಲೇ, ಎಲ್ಲರೆದುರು, ಕನ್ನಡದಲ್ಲೇ ಕೇಳಿದಳು: "ಅಪ್ಪ, ಚೆನ್ನಾಗಿರ್ಲಿಲ್ವಾ?"

ಎಲ್ಲರೂ ತಿರುಗಿ ನೋಡಿದರು. ಜಂಟಿ ಕಾರ್ಯದರ್ಶಿ ಬಾಯಿ ತೆರೆದ. ಒಂದಕ್ಷರ ಹೊರಡಲಿಲ್ಲ. ಕಣ್ಣೀರು ಮೂಗಿನ ತುದಿಗೆ ಬಂದು ತೊಟ್ಟಿಕ್ಕುತ್ತಿತ್ತು.

"ರೀ, ಮೊದ್ಲು ಮೂಗು ಒರೆಸ್ಕೊಳ್ರೀ" ಎಂದು ವೀಣಾ ತಿವಿದಳು.

ಹೇಗೆ ಒರೆಸಿಕೊಳ್ಳಲಿ? ಮಾತು ಕೊಟ್ಟಿದ್ದೆನಲ್ಲ!