ಎದೆ ಫೋಟೊ ತೆಗೆಯುತ್ತಿದ್ದಾಗ

ಎಂಬತ್ತರ ದಶಕದಲ್ಲಿ ತೀರ್ಥಹಳ್ಳಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಎಕ್ಸ್‌ರೇ ತೆಗೆಯುತ್ತಿದ್ದೆ. ಮೊಲೆಯಲ್ಲಿ ಗಂಟು ಕಂಡ ಹೆಂಗಸರನ್ನು ನಮ್ಮ ಡಾಕ್ಟರಮ್ಮ, ಫೋಟೊ ತೆಗೆಯುವವಳೂ ಹೆಂಗಸೇ ಎಂದು ಧೈರ್ಯ ಹೇಳಿ ನನ್ನ ಹತ್ತಿರ ಕಳಿಸುತ್ತಿದ್ದರು. ಎಲ್ಲರೂ ಹೆದರಿಕೊಂಡೇ ಬರುತ್ತಿದ್ದರು. ಅದು ನಗುವ ಜಾಗವಲ್ಲ. ಆದರೂ ಹದಿನೈದು ದಿನಕ್ಕೊಮ್ಮೆಯಾದರೂ ನಾನು ಡಾರ್ಕ್ ರೂಮಿಗೆ ಓಡಿ, ಬಾಗಿಲು ಹಾಕಿಕೊಂಡು ನಗಬೇಕಾಗುತ್ತಿತ್ತು.

ತಾಳಿ

ರಿಪ್ಪನ್‌ಪೇಟೆ ಕಡೆಯ ಹೆಂಗಸೊಬ್ಬರು ಕುಪ್ಪಸ ತೆಗೆದರು, ತಾಳಿ ತೆಗೆಯಲಿಲ್ಲ. ಚಿನ್ನ ಅಡ್ಡ ಬಂದರೆ ಫಿಲ್ಮಿನಲ್ಲಿ ಗಂಟು ಕಾಣುವುದಿಲ್ಲ ಎಂದೆ. ಗಂಡ ಬದುಕಿರುವಾಗ ಆಗದ ಮಾತು ಎಂದು ಕೂತುಬಿಟ್ಟರು. ಹೊರಗಿನ ಬೆಂಚಿನಲ್ಲಿದ್ದ ಗಂಡನಿಗೆ ಎಲ್ಲಾ ಕೇಳಿಸಿತ್ತು.

"ತೆಗಿ ಮಾರಾಯ್ತಿ. ಐದ್ ನಿಮಿಷ ಸಾಯದೆ ಕೂತಿರ್ತೀನಿ."

ಅದೇ, ಇಲ್ಲಿ

ನಾನು ಕೆಲಸಕ್ಕೆ ಸೇರಿದ ವಾರ. ಗಂಡಸೊಬ್ಬರು ಚೀಟಿ ಹಿಡಿದು ಬಂದರು. ಬೆವರಿಗೆ ನೆನೆದು ಚೀಟಿಯಲ್ಲಿದ್ದ ಹೆಸರು ಅಳಿಸಿತ್ತು. ಏನು ತೊಂದರೆ ಎಂದರೆ ನೆಲ ನೋಡುತ್ತ ತಮ್ಮ ಎದೆ ಮುಟ್ಟಿ, "ಅದೇ, ಇಲ್ಲಿ, ಗಂಟು" ಎಂದರು. ಅಂಗಿ ಬಿಚ್ಚಿಸಿ ಫೋಟೊ ತೆಗೆದೆ. ಅವರೂ ಉಸಿರು ಕಟ್ಟಿ ನಿಂತರು.

ಡಾಕ್ಟರಮ್ಮ ಫಿಲ್ಮ್ ನೋಡಿ, ಗಂಟಿಲ್ಲ, ಆದರೆ ಬೀಡಿ ಇವತ್ತೇ ಬಿಡಬೇಕು ಎಂದರು. ಆಮೇಲೆ ಗೊತ್ತಾಯಿತು, ಗಂಟಿದ್ದದ್ದು ಬೆಂಚಿನಲ್ಲಿ ಕಾಯುತ್ತಿದ್ದ ಹೆಂಡತಿಗೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಗಂಡನನ್ನು ಕೇಳಿದರೆ, ಮೊದಲು ಗಂಡನದ್ದು ತೆಗೆಯುವುದು ಪದ್ಧತಿಯೇನೋ ಅಂದುಕೊಂಡರಂತೆ.

ಹೆಂಡತಿಯ ಗಂಟು ಮಾತ್ರೆಯಲ್ಲೇ ಕರಗಿತು. "ನನ್ ಗಂಟಿಂದ ಇವ್ರ ಬೀಡಿ ಬಿಡ್ತು ನೋಡಿ" ಎಂದು ಆಕೆ ಹೇಳಿ ಹೋದರು.

ಫಿಲ್ಮ್ ಒಣಗುವ ತನಕ

ಮಂಡಗದ್ದೆ ಕಡೆಯ ಅಜ್ಜಿಯೊಬ್ಬರು ಎರಡು ತಿಂಗಳು ಗಂಟು ಮುಚ್ಚಿಟ್ಟು, ಕೊನೆಗೆ ಸೊಸೆಯ ಜೊತೆ ಬಂದರು. ಫಿಲ್ಮ್ ಒಣಗಲು ಒಂದು ಗಂಟೆ ಬೇಕು, ಕೂತಿರಿ ಎಂದೆ. ಅಜ್ಜಿ ಅದನ್ನೇ ತಮ್ಮ ಕೊನೆಯ ಗಂಟೆ ಎಂದುಕೊಂಡರು.

ಸೊಸೆಯ ಕೈ ಹಿಡಿದು ಒಂದೊಂದಾಗಿ ಒಪ್ಪಿಸಿದರು. ಅವಳ ತವರಿಂದ ಬಂದ ಕಾಗದಗಳನ್ನು ತಾವೇ ಮೊದಲು ಒಡೆದು ಓದುತ್ತಿದ್ದದ್ದು, ಒಳ್ಳೆಯ ಕಾಫಿಪುಡಿಯನ್ನು ಅವಲಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟದ್ದು, ಎಲ್ಲಾ. ಸೊಸೆ ನಿಜವಾಗಿಯೇ ಅತ್ತಳು.

ಅಷ್ಟರಲ್ಲಿ ಡಾಕ್ಟರಮ್ಮ ಕರೆದರು. ಫಿಲ್ಮ್ ನೋಡಿ, ಸೂಜಿ ಹಾಕಿ ಎಳೆದರೆ ಬರೀ ನೀರು. ಗಂಟು ಅಲ್ಲೇ ಇಳಿಯಿತು. ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ತಾವು ಹೊರಗೆ ಹೇಳಿದ್ದೆಲ್ಲ ಜ್ವರದ ಬಡಬಡಿಕೆ ಎಂದರು. ಜ್ವರ ಇರಲಿಲ್ಲ.

ಹೊರಡುವಾಗ ಸೊಸೆ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದಳು. ಅತ್ತೆ ಉಳಿದದ್ದಕ್ಕೆ ದೇವರಿಗೆ ಕಾಯಿ ಒಡೆಸುತ್ತೇನೆ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ಅಕ್ಕಾ, ಫಿಲ್ಮ್ ಒಣಗಕ್ಕೆ ಇನ್ನೊಂದ್ ಹತ್ತು ನಿಮಿಷ ಹಿಡಿಬಾರ್ದಿತ್ತಾ? ಬೀರು ಕೀಲಿ ಎಲ್ಲಿಡ್ತಾರೆ ಅನ್ನೋದೊಂದು ಬಾಕಿ ಇತ್ತು."