ಕಣ್ಣು ಮಿಟುಕಿಸದ ಗರುಡ

ಹೆಂಡತಿ: ಭಾಷಣದಲ್ಲಿ ಆ ಗರುಡನ ಹೆಸರು ಎತ್ತಬೇಡಿ ಅಂದ್ರೆ ಎತ್ತಬೇಡಿ.

ಪ್ರೊಫೆಸರ್: ಎತ್ತದೆ ಹೇಗಿರಲಿ? ನನ್ನ ಇಡೀ ಸಂಶೋಧನೆಗೆ ಅದೇ ಜೀವಾಳ ಕಣೆ.

ಮನೆಯಲ್ಲೇ ಕೂತು ಟ್ಯಾಬ್ಲೆಟ್‌ನಲ್ಲಿ ಕಲಿಯುವ ಮಕ್ಕಳ ಗಮನ ಎಷ್ಟಿರುತ್ತದೆ ಎಂಬುದು ಪ್ರೊಫೆಸರರ ಸಂಶೋಧನೆ. ಟ್ಯಾಬ್ಲೆಟ್‌ನ ಕ್ಯಾಮೆರಾ ಮಗುವಿನ ಕಣ್ಣು, ಮುಖ ನೋಡಿ ಅಂಕವನ್ನೂ ಟಿಪ್ಪಣಿಯನ್ನೂ ಕೊಡುತ್ತದೆ, ಚಿತ್ರ ಮಾತ್ರ ತೋರಿಸುವುದಿಲ್ಲ. ಯಾವ ಅಂಕ ಯಾವ ಮಗುವಿನದೆಂದು ಸಂಶೋಧಕನಿಗೆ ತಿಳಿಯಕೂಡದು, ಹಾಗಾಗಿ ಮಕ್ಕಳಿಗೆಲ್ಲ ಹಕ್ಕಿಗಳ ಹೆಸರು. ಸ್ವಂತ ಮಗಳೂ ಅದೇ ತರಗತಿಯಲ್ಲಿದ್ದುದರಿಂದ ಪ್ರೊಫೆಸರರು ಅವಳ ಕೋಣೆಯ ಮುಂದೆ ಕಣ್ಣು ಮುಚ್ಚಿಕೊಂಡೇ ಓಡಾಡುತ್ತಿದ್ದರು. ಅವರ ಪ್ರಾಮಾಣಿಕತೆಗೆ ಹಣೆಯ ಮೇಲಿನ ಬುಗುಟೇ ಸಾಕ್ಷಿ. ಇನ್ನು ಸ್ವಲ್ಪ ಹೊತ್ತಿನಲ್ಲಿ ಶಿಕ್ಷಣ ಸಮಿತಿಯ ಮುಂದೆ ಭಾಷಣ ಮಾಡಿ ವರದಿ ಒಪ್ಪಿಸಬೇಕು. ಸಮಿತಿ ಹೂಂ ಅಂದರೆ ಊರಿನ ಎಲ್ಲ ಶಾಲೆಗೂ ಇದೇ ಟ್ಯಾಬ್ಲೆಟ್.

ಹೆಂಡತಿ: ಆ ಗರುಡ ಒಂದು ಸಲನಾದ್ರೂ ರೆಪ್ಪೆ ಬಡಿದಿದೆಯಾ?

ಪ್ರೊಫೆಸರ್: ಇಲ್ಲ. ಏಕಾಗ್ರತೆ ಅಂದ್ರೆ ಅದು.

ಹೆಂಡತಿ: ನೀರು ಕುಡಿಯೋಕಾದ್ರೂ ಎದ್ದಿದೆಯಾ?

ಪ್ರೊಫೆಸರ್: ಬಾಯಾರಿಕೆ ಗೆದ್ದ ಮಗು.

ಹೆಂಡತಿ: ಪ್ರಶ್ನೆಗೆ ಉತ್ತರ?

ಪ್ರೊಫೆಸರ್: ಒಂದೂ ತಪ್ಪು ಉತ್ತರ ಕೊಟ್ಟಿಲ್ಲ.

ಹೆಂಡತಿ: ಸರಿ ಉತ್ತರ?

ಪ್ರೊಫೆಸರ್: ಅದನ್ನೂ ಕೊಟ್ಟಿಲ್ಲ. ದುಡುಕೋ ಸ್ವಭಾವ ಅಲ್ಲ ಅದರದ್ದು. ಮಗು ಸುಮ್ಮನಿದ್ರೆ ಟ್ಯಾಬ್ಲೆಟ್ಟೇ ಉತ್ತರ ಹೇಳಿ, ತಾಳ್ಮೆಗೆ ಅಂತ ಒಂದು ನಕ್ಷತ್ರ ಕೊಡುತ್ತೆ. ಗರುಡನ ಹತ್ರ ಈಗ ಆಕಾಶದಷ್ಟು ನಕ್ಷತ್ರ ಇದೆ. ಅದೇ ಆ ಗುಬ್ಬಿ ನೋಡು, ಕಿಟಕಿ ಕಡೆ ನೋಡುತ್ತೆ, ಆಕಳಿಸುತ್ತೆ, ಟ್ಯಾಬ್ಲೆಟ್ಟನ್ನೇ 'ಯಾಕೆ' ಅಂತ ಕೇಳುತ್ತೆ. ಅದನ್ನ ಹಿಂದಿನ ತರಗತಿಗೆ ಹಾಕಿ ಅಂತ ವರದಿಯಲ್ಲಿ ಬರೆದಿದ್ದೀನಿ.

ಹೆಂಡತಿ ಒಳಗೆ ಹೋದರು. ಮಗಳ ಕೋಣೆಯಿಂದ ಒಂದು ಗೊಂಬೆ ತಂದು ಗಂಡನ ಎದುರು ಕುರ್ಚಿಯಲ್ಲಿ ಕೂರಿಸಿದರು.

ಪ್ರೊಫೆಸರ್: ಯಾರಿದು?

ಹೆಂಡತಿ: ನಿಮ್ಮ ಗರುಡ. ನಿಮ್ಮ ಮಗಳ ಬದಲು ದಿನಾ ಇದೇ ಪಾಠ ಕೇಳ್ತಿತ್ತು. ಇವತ್ತು ಕಸ ಗುಡಿಸೋಕೆ ಹೋದಾಗ ಕಣ್ಣಿಗೆ ಬಿತ್ತು, ಎದುರಿನ ಟ್ಯಾಬ್ಲೆಟ್ ಮೇಲೆ 'ಗರುಡ' ಅಂತ ಹೆಸರೂ ಇತ್ತು.

ಪ್ರೊಫೆಸರರು ಗೊಂಬೆಯನ್ನು ದಿಟ್ಟಿಸಿದರು. ಗೊಂಬೆಯೂ ದಿಟ್ಟಿಸಿತು. ಮೊದಲು ದೃಷ್ಟಿ ತಪ್ಪಿಸಿದವರು ಪ್ರೊಫೆಸರರೇ.

ಪ್ರೊಫೆಸರ್: ಹೋಗಲಿ, ಒಂದು ಗೊಂಬೆ ತಾನೆ. ತೆಗೆದುಹಾಕಿದ್ರಾಯ್ತು. ಬೇರೆ ಮಕ್ಕಳಿದ್ದಾರಲ್ಲ.

ಅಷ್ಟರಲ್ಲಿ ಮಗಳು ಬಂದಳು. ಮೊಣಕೈವರೆಗೂ ಸೈಕಲ್ ಚೈನಿನ ಮಸಿ.

ಮಗಳು: ಅವರದ್ದೂ ಗೊಂಬೆನೇ ಅಪ್ಪ.

ಪ್ರೊಫೆಸರ್: ಆ ಗಿಳಿ? ಎಷ್ಟು ಚುರುಕಿತ್ತು.

ಮಗಳು: ಅದು ಕರಡಿ. ಬಟ್ಟೆದು.

ಪ್ರೊಫೆಸರ್: ನವಿಲು? ಮುಖದಲ್ಲಿ ಎಂಥ ಗಾಂಭೀರ್ಯ.

ಮಗಳು: ಅದು ಅವರಜ್ಜನ ಫೋಟೋ.

ಪ್ರೊಫೆಸರ್: ಮತ್ತೆ ನೀವೆಲ್ಲ ಅಷ್ಟು ಹೊತ್ತು ಏನು ಮಾಡ್ತಿದ್ರಿ?

ಮಗಳು: ಅಂಗಳದಲ್ಲಿ ನಿನ್ನ ಸೈಕಲ್ ಬಿಚ್ಚಿ ಜೋಡಿಸೋದು ಕಲಿತ್ವಿ. ಬಿಚ್ಚೋದು ಪೂರ್ತಿ ಬರುತ್ತೆ.

ಪ್ರೊಫೆಸರರು ಕುಗ್ಗಿದ ದನಿಯಲ್ಲಿ ಕೇಳಿದರು.

ಪ್ರೊಫೆಸರ್: ಗುಬ್ಬಿ ಏನು? ಗಡಿಯಾರವಾ, ಹೂಜಿಯಾ?

ಮಗಳು: ಅವಳೊಬ್ಬಳೇ ನಿಜವಾದ ಹುಡುಗಿ. ನನ್ನ ಗೊಂಬೆ ಒರಗಿಸಿದ್ರೆ ಕಣ್ಣು ಮುಚ್ಕೊಳ್ಳುತ್ತೆ. ಅದಕ್ಕೆ ಅವಳ ಈ ಗೊಂಬೆನ ನನಗೆ ಕೊಟ್ಟು, ಪಾಪ, ತಾನೇ ಕೂತ್ಕೊಂಡಳು.

ಹಿಂದಿನ ತರಗತಿಗೆ ಹಾಕಲು ಹೊರಟದ್ದು ಎಂಥ ಮಗುವನ್ನು ಎಂದು ತಿಳಿದು ಪ್ರೊಫೆಸರರಿಗೆ ನಾಚಿಕೆಯಾಯಿತು. ವರದಿ ತೆಗೆದು ಗುಬ್ಬಿಯ ಬಗ್ಗೆ ಬರೆದಿದ್ದ ಸಾಲನ್ನು ಹೊಡೆದುಹಾಕಿದರು. ಆಮೇಲೆ ಗರುಡನದ್ದು, ಗಿಳಿಯದ್ದು, ನವಿಲಿನದ್ದು. ಕೊನೆಗೆ ಉಳಿದದ್ದು ಅವರ ಹೆಸರು ಮಾತ್ರ.

ಹೆಂಡತಿ: ಹೊರಡಿ, ಹೊತ್ತಾಯ್ತು. ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡಿ.

ಪ್ರೊಫೆಸರ್: ಹೇಳ್ತೀನಿ. ಆದ್ರೆ ಆಮೇಲೆ ಅವರು ಒಬ್ಬೊಬ್ಬರಾಗಿ ಬೈತಾರಲ್ಲ, ಅಷ್ಟು ಹೊತ್ತು ಮಿಸುಕಾಡದೆ ಯಾರು ಕೂತಿರ್ತಾರೆ?

ಮಗಳು ಗೊಂಬೆಯ ಮುಖವನ್ನು ತನ್ನ ಲಂಗಕ್ಕೆ ಒರೆಸಿ ಅಪ್ಪನ ಕಂಕುಳಿಗೆ ಸಿಕ್ಕಿಸಿದಳು.

ಮಗಳು: ಇದನ್ನ ಕೂರಿಸು ಅಪ್ಪ. ಪ್ರೊಫೆಸರಿಗೇ ಗೊತ್ತಾಗಲಿಲ್ಲ, ಸಮಿತಿಗೆ ಗೊತ್ತಾಗುತ್ತಾ?